ಸೀಸ ಹಿಡಿಯುವ ಕಡಲಕಳೆ: ಲ್ಯಾಬಿನಿಂದ ಕಾರ್ಖಾನೆಗೆ ಎಷ್ಟು ದೂರ?

ಕಡಲಕಳೆಯಿಂದ ನೀರು ಶುದ್ಧ ಮಾಡಬಹುದು ಎನ್ನುವ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಒಣಗಿಸಿ ಪುಡಿ ಮಾಡಿದ ಕಳೆಯನ್ನು ನೀರಿಗೆ ಹಾಕಿದರು, ಗಂಟೆಯೊಳಗೆ ಸೀಸವೆಲ್ಲ ಮಾಯ, ಖರ್ಚೂ ಕಡಿಮೆ. ಇಂಥ ಸುದ್ದಿ ಓದಿದ ಯಾರಿಗಾದರೂ ಒಂದು ಪ್ರಶ್ನೆ ಏಳಬೇಕು. ಇಷ್ಟು ಚೆನ್ನಾಗಿದ್ದರೆ ನಮ್ಮ ಕಾರ್ಖಾನೆಗಳಲ್ಲಿ ಇದು ಯಾಕೆ ಕಾಣುತ್ತಿಲ್ಲ? ಸಂಶೋಧನೆ ಹೊಸದೇನಲ್ಲ. ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಬೊಹುಮಿಲ್ ವೊಲೆಸ್ಕಿ ಮತ್ತು ಅವರ ಜತೆಗಾರರು 1980ರ ದಶಕದಲ್ಲೇ ಇದರ ಮೇಲೆ ಕೆಲಸ ಮಾಡುತ್ತಿದ್ದರು. ಆಮೇಲೆ ಜಗತ್ತಿನ ಎಲ್ಲ ಕಡೆ, ಭಾರತದಲ್ಲೂ, ಸಾವಿರಗಟ್ಟಲೆ ಪ್ರಬಂಧಗಳು ಬಂದಿವೆ.

ನನ್ನ ತಿಳಿವಳಿಕೆಯಲ್ಲಿ ಉತ್ತರ ಹೀಗಿದೆ. ಕಡಲಕಳೆ ಲೋಹ ಹಿಡಿಯುತ್ತದೆ ಅನ್ನುವುದರಲ್ಲಿ ಅನುಮಾನ ಬೇಡ, ಆ ವಿಜ್ಞಾನ ಗಟ್ಟಿಯಾಗಿದೆ. ಆದರೆ ಎಲ್ಲ ಲೋಹವನ್ನೂ ಅದು ಹಿಡಿಯುವುದಿಲ್ಲ, ಎಲ್ಲ ನೀರಿನಲ್ಲೂ ಹಿಡಿಯುವುದಿಲ್ಲ. ಹಿಡಿದ ಮೇಲೆ ಆ ಕಳೆಯನ್ನು ಏನು ಮಾಡಬೇಕು ಅನ್ನುವುದಕ್ಕೆ ಯಾರೂ ಸರಿಯಾದ ವ್ಯವಸ್ಥೆ ಕಟ್ಟಿಲ್ಲ. ಇನ್ನೊಂದು ನೂರು ಪ್ರಬಂಧ ಬಂದರೂ ಈ ಕೊರತೆ ತುಂಬುವುದಿಲ್ಲ.

ಸತ್ತ ಕಳೆ ಹೇಗೆ ಕೆಲಸ ಮಾಡುತ್ತದೆ?

ಇಲ್ಲಿ ಬಳಕೆಯಾಗುವುದು ಜೀವಂತ ಕಳೆಯಲ್ಲ. ಕೊಯ್ದು, ತೊಳೆದು, ಬಿಸಿಲಿಗೆ ಒಣಗಿಸಿದ ಕಳೆ. ಸತ್ತ ಮೇಲೂ ಅದರ ಜೀವಕೋಶದ ಗೋಡೆ ಹಾಗೇ ಉಳಿದಿರುತ್ತದೆ. ಕೆಲಸ ಮಾಡುವುದು ಆ ಗೋಡೆ.

ಕಡಲಕಳೆಗಳಲ್ಲಿ ಹಸಿರು, ಕೆಂಪು, ಕಂದು ಎಂದು ಮೂರು ದೊಡ್ಡ ಗುಂಪುಗಳಿವೆ. ಲೋಹ ಹಿಡಿಯುವುದರಲ್ಲಿ ಕಂದು ಕಳೆಗಳು ಮುಂದೆ. ಸರ್ಗಾಸಂ, ಎಕ್ಲೋನಿಯಾ, ಲ್ಯಾಮಿನೇರಿಯಾ ಇವೆಲ್ಲ ಕಂದು ಜಾತಿಯವು. ಇವುಗಳ ಗೋಡೆಯಲ್ಲಿ ಆಲ್ಜಿನೇಟ್ ಅನ್ನುವ ಅಂಟು ಪದಾರ್ಥ ತುಂಬಿಕೊಂಡಿರುತ್ತದೆ. ಒಣಕಳೆಯ ತೂಕದಲ್ಲಿ ಶೇ 10ರಿಂದ 40ರಷ್ಟು ಇದೇ ಇರಬಹುದು. ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಅಚ್ಚು ತೆಗೆಯಲು ಬಾಯಿಗೆ ಒಂದು ಮೆತ್ತನೆಯ ಹಿಟ್ಟು ಇಡುತ್ತಾರಲ್ಲ, ಎರಡು ಮೂರು ನಿಮಿಷದಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತದಲ್ಲ, ಅದು ಆಲ್ಜಿನೇಟೇ. ಅದು ಗಟ್ಟಿಯಾಗುವುದು ಪುಡಿಯಲ್ಲೇ ಬೆರೆಸಿರುವ ಕ್ಯಾಲ್ಸಿಯಂನಿಂದ.

ಆಲ್ಜಿನೇಟ್ ಅಂದರೆ ಸಕ್ಕರೆಯ ತುಣುಕುಗಳು ಒಂದಕ್ಕೊಂದು ಸೇರಿದ ಉದ್ದನೆಯ ಸರಪಣಿ. ಅದರ ಉದ್ದಕ್ಕೂ ಋಣ ವಿದ್ಯುತ್ ಇರುವ ತುದಿಗಳಿವೆ. ಸೀಸ, ತಾಮ್ರ, ಕ್ಯಾಡ್ಮಿಯಂ ನೀರಿನಲ್ಲಿ ಕರಗಿದಾಗ ಧನ ವಿದ್ಯುತ್ ಹೊತ್ತ ಕಣಗಳಾಗಿ, ಅಂದರೆ ಅಯಾನುಗಳಾಗಿರುತ್ತವೆ. ಎರಡು ಸರಪಣಿಗಳು ಅಕ್ಕಪಕ್ಕ ಬಂದಾಗ ನಡುವೆ ಸಾಲಾಗಿ ಗುಳಿಗಳು ಉಂಟಾಗುತ್ತವೆ. ಅಯಾನುಗಳು ಒಂದೊಂದು ಗುಳಿಯಲ್ಲೂ ಒಂದೊಂದರಂತೆ ಕೂರುತ್ತವೆ, ಮೊಟ್ಟೆಯ ಟ್ರೇಯಲ್ಲಿ ಮೊಟ್ಟೆ ಕೂತ ಹಾಗೆ. 1973ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಇದನ್ನು ವಿವರಿಸಿದಾಗ ಕೊಟ್ಟ ಹೆಸರೂ ಅದೇ, ಮೊಟ್ಟೆ ಪೆಟ್ಟಿಗೆಯ ಮಾದರಿ.

ಇಲ್ಲೊಂದು ಮುಖ್ಯ ಸಂಗತಿ ಇದೆ. ಆ ಗುಳಿಗಳು ಮೊದಲೇ ಖಾಲಿ ಇರುವುದಿಲ್ಲ. ಸಮುದ್ರದಲ್ಲಿ ಬೆಳೆದ ಕಳೆ ಅಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ತುಂಬಿಕೊಂಡೇ ಬಂದಿರುತ್ತದೆ. ಸೀಸದ ನೀರು ಹರಿದಾಗ ಕ್ಯಾಲ್ಸಿಯಂ ಎದ್ದು ಹೋಗಿ ಆ ಜಾಗಕ್ಕೆ ಸೀಸ ಬರುತ್ತದೆ. ಅಂದರೆ ಇದು ಅದಲುಬದಲು. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಬೋರ್‌ವೆಲ್ ನೀರಿನ ಗಡಸುತನ ತೆಗೆಯಲು ಇಟ್ಟಿರುವ ಸಾಫ್ಟ್‌ನರ್ ಮಾಡುವುದೂ ಇದೇ ಕೆಲಸ. ಅಲ್ಲಿ ಪ್ಲಾಸ್ಟಿಕ್ ಮಣಿಗಳ ರೆಸಿನ್, ಇಲ್ಲಿ ಕಳೆ. ಕಡಲಕಳೆ ಲೋಹವನ್ನು ಸ್ಪಂಜಿನಂತೆ ಹೀರಿಕೊಳ್ಳುತ್ತದೆ ಎಂದು ಬರೆಯುವವರು ಇದನ್ನು ಮರೆಯುತ್ತಾರೆ. ಅದಲುಬದಲು ಅಂದಮೇಲೆ ಸ್ಪರ್ಧೆ ಇದೆ. ಆ ಸ್ಪರ್ಧೆಯಲ್ಲಿ ಯಾರು ಗೆಲ್ಲುತ್ತಾರೆ ಅನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಯಾವ ಲೋಹಕ್ಕೆ ಮೊದಲ ಜಾಗ?

ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ ಕಡಲಕಳೆಯನ್ನೇ ಅಧ್ಯಯನ ಮಾಡುತ್ತಿದ್ದ ಆರ್ನೆ ಹೌಗ್ 1960ರ ದಶಕದ ಆರಂಭದಲ್ಲೇ ಆಲ್ಜಿನೇಟ್‌ಗೆ ಯಾವ ಲೋಹ ಎಷ್ಟು ಇಷ್ಟ ಅಂತ ಒಂದು ಕ್ರಮ ಹಾಕಿದ್ದರು. ಮೊದಲ ಸ್ಥಾನ ಸೀಸಕ್ಕೆ. ಆಮೇಲೆ ತಾಮ್ರ, ಕ್ಯಾಡ್ಮಿಯಂ. ಅನಂತರ ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ. ಕೋಬಾಲ್ಟ್, ನಿಕಲ್, ಸತು, ಮ್ಯಾಂಗನೀಸ್ ಬರುವುದು ಕ್ಯಾಲ್ಸಿಯಂ ಆದ ಮೇಲೆ.

ಕ್ಯಾಲ್ಸಿಯಂ ಈ ಪಟ್ಟಿಯ ಎಲ್ಲಿ ಕೂತಿದೆ ನೋಡಿ. ನಮ್ಮ ಬಯಲುಸೀಮೆಯ ನೀರು ಗಡಸು. ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವುದು, ಸೋಪು ನೊರೆ ಬರದಿರುವುದು ಎಲ್ಲ ಕ್ಯಾಲ್ಸಿಯಂ ಮೆಗ್ನೀಸಿಯಂನಿಂದಲೇ. ಅಂಥ ನೀರಿನಲ್ಲಿ ಸೀಸ ಇದ್ದರೆ ಪರವಾಗಿಲ್ಲ, ಕ್ಯಾಲ್ಸಿಯಂ ಸಾಕಷ್ಟಿದ್ದರೂ ಅದನ್ನು ತಳ್ಳಿ ಸೀಸ ಒಳಗೆ ಬರಬಲ್ಲದು. ನಿಕಲ್ ಅಥವಾ ಸತು ಇದ್ದರೆ ಕಷ್ಟ. ನೂರಾರು ಪಟ್ಟು ಜಾಸ್ತಿ ಇರುವ ಕ್ಯಾಲ್ಸಿಯಂ ಅವನ್ನು ಹತ್ತಿರಕ್ಕೂ ಬಿಡುವುದಿಲ್ಲ. ಅರ್ಧ ಶತಮಾನಕ್ಕೂ ಹಿಂದೆ ಸಿಕ್ಕ ಈ ಒಂದು ಪಟ್ಟಿಯನ್ನು ಎದುರಿಗೆ ಇಟ್ಟುಕೊಂಡರೆ ಎಷ್ಟೋ ವ್ಯರ್ಥ ಪ್ರಯೋಗ ತಪ್ಪುತ್ತದೆ.

ಇನ್ನು ಕೆಲವು ಲೋಹಗಳು ನೀರಿನಲ್ಲಿ ಧನ ಅಯಾನುಗಳಾಗಿ ಇರುವುದೇ ಇಲ್ಲ. ಆರ್ಸೆನಿಕ್ ಹಾಗೆ. ಕ್ರೋಮಿಯಂನ ಹೆಚ್ಚು ವಿಷದ ರೂಪವಾದ ಹೆಕ್ಸಾವೇಲೆಂಟ್ ಕ್ರೋಮಿಯಂ ಹಾಗೆ. ಇವು ಆಮ್ಲಜನಕದ ಜತೆ ಸೇರಿ ಸಾಮಾನ್ಯವಾಗಿ ಋಣ ವಿದ್ಯುತ್ ಹೊತ್ತಿರುತ್ತವೆ. ಕಳೆಯ ಗೋಡೆಯಲ್ಲಿರುವುದೂ ಋಣ. ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ರಾಯಚೂರು, ಯಾದಗಿರಿ ಜಿಲ್ಲೆಗಳ ಚಿನ್ನದ ಸೀಮೆಯ ಕೆಲವು ಹಳ್ಳಿಗಳಲ್ಲಿ ಅಂತರ್ಜಲದಲ್ಲಿ ಆರ್ಸೆನಿಕ್ ಇದೆ. ಅಲ್ಲಿಗೆ ಕಡಲಕಳೆ ಕಳಿಸಿ ಪ್ರಯೋಜನವಿಲ್ಲ. ಅಲ್ಲಿ ಬೇಕಾದ್ದು ಕಬ್ಬಿಣದ ತುಕ್ಕಿನಂಥ ಪದಾರ್ಥ ಲೇಪಿಸಿದ ಫಿಲ್ಟರ್, ಅದಕ್ಕಿಂತ ಮುಂಚೆ ಬೇರೆ ಕಡೆಯಿಂದ ಒಳ್ಳೆಯ ನೀರು.

ಪ್ರಬಂಧದ ಅಂಕಿ, ಮೋರಿಯ ನೀರು

ಲ್ಯಾಬಿನಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ಹತ್ತಿರದಿಂದ ನೋಡೋಣ. ಡಿಸ್ಟಿಲ್ಡ್ ನೀರು ತಗೋತಾರೆ. ಅದಕ್ಕೆ ಸೀಸದ ನೈಟ್ರೇಟ್ ಹಾಕಿ ಕರಗಿಸುತ್ತಾರೆ. ಲೀಟರಿಗೆ 100 ಮಿಲಿಗ್ರಾಂ, 200 ಮಿಲಿಗ್ರಾಂ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಪಿಎಚ್ (ನೀರಿನ ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ಆಮ್ಲ ಜಾಸ್ತಿ) 5ಕ್ಕೆ ತಂದು ನಿಲ್ಲಿಸುತ್ತಾರೆ. 100 ಮಿಲಿಲೀಟರಿನ ಫ್ಲಾಸ್ಕಿಗೆ ಚಿಟಿಕೆ ಕಳೆಪುಡಿ ಹಾಕಿ ಶೇಕರ್ ಮೇಲಿಟ್ಟು ಅಲ್ಲಾಡಿಸುತ್ತಾರೆ. ಮೊದಲ ಅರ್ಧ ಗಂಟೆ, ಒಂದು ಗಂಟೆಯಲ್ಲೇ ಬಹುಪಾಲು ಸೀಸ ಕಳೆಗೆ ಅಂಟುತ್ತದೆ. ಲೆಕ್ಕ ಹಾಕಿದರೆ ಒಂದು ಗ್ರಾಂ ಸರ್ಗಾಸಂ 200 ಮಿಲಿಗ್ರಾಂಗೂ ಹೆಚ್ಚು ಸೀಸ ಹಿಡಿಯಬಲ್ಲದು ಅಂತ ಬರುತ್ತದೆ. ಇದು ಸುಳ್ಳಲ್ಲ. ಎಷ್ಟೋ ಕಡೆ ಎಷ್ಟೋ ಜನ ಮಾಡಿ ನೋಡಿದ ಅಳತೆ. ತನ್ನ ತೂಕದ ಐದನೇ ಒಂದು ಭಾಗ ಸೀಸ ಹಿಡಿಯುವುದು ಸಣ್ಣ ಮಾತೇನಲ್ಲ.

ಆದರೆ ಅದು ಗರಿಷ್ಠ ಸಾಮರ್ಥ್ಯ. ನೀರಿನಲ್ಲಿ ಸೀಸ ದಂಡಿಯಾಗಿದ್ದಾಗ ಮಾತ್ರ ಎಲ್ಲ ಗುಳಿಗಳೂ ತುಂಬುತ್ತವೆ. ಸೀಸ ಕಡಿಮೆ ಇದ್ದರೆ ಕೆಲವೇ ಗುಳಿಗಳು ತುಂಬುತ್ತವೆ. ಒಂದು ಲೆಕ್ಕ ಹಾಕಿ ನೋಡೋಣ. ನೀರಿನಲ್ಲಿ ಲೀಟರಿಗೆ 20 ಮಿಲಿಗ್ರಾಂ ಸೀಸ ಇದ್ದಾಗ ಕಳೆಯ ಅರ್ಧ ಸಾಮರ್ಥ್ಯ ತುಂಬುತ್ತದೆ ಅಂದುಕೊಳ್ಳಿ. ಅದೇ ಕಳೆ ಲೀಟರಿಗೆ 2 ಮಿಲಿಗ್ರಾಂ ಇರುವ ನೀರಿನಲ್ಲಿ ತನ್ನ ಸಾಮರ್ಥ್ಯದ ಹನ್ನೊಂದನೇ ಒಂದು ಭಾಗ ಮಾತ್ರ ತುಂಬುತ್ತದೆ. 200 ಇದ್ದದ್ದು 18ಕ್ಕೆ ಇಳಿಯಿತು. ನೀರು ಇನ್ನೂ ತಿಳಿಯಾದರೆ ಇನ್ನೂ ಇಳಿಯುತ್ತದೆ. ನಮ್ಮ ಕುಡಿಯುವ ನೀರಿನ ಮಾನದಂಡದಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003. ಶೇ 95 ತೆಗೆದೆವು ಅನ್ನುವ ಮಾತು ಕೇಳಲು ಚಂದ. ಲೀಟರಿಗೆ 100 ಮಿಲಿಗ್ರಾಂನಲ್ಲಿ ಶೇ 95 ತೆಗೆದರೆ ಉಳಿಯುವುದು 5 ಮಿಲಿಗ್ರಾಂ. ಅದು ಕುಡಿಯುವ ನೀರಿನ ಮಿತಿಯ 500 ಪಟ್ಟು. ಇದನ್ನು ಸುದ್ದಿಯಲ್ಲಿ ಯಾರೂ ಹೇಳುವುದಿಲ್ಲ. ಹೇಳಬೇಕಲ್ವಾ?

ಪಿಎಚ್ ಇನ್ನೊಂದು ತೊಡಕು. ನೀರು ತುಂಬಾ ಆಮ್ಲೀಯವಾಗಿದ್ದರೆ ಗುಳಿಗಳನ್ನೆಲ್ಲ ಹೈಡ್ರೋಜನ್ ಅಯಾನುಗಳೇ ಆಕ್ರಮಿಸಿಕೊಳ್ಳುತ್ತವೆ. ಪಿಎಚ್ 2ರ ಕೆಳಗೆ ಕಳೆ ಬಹುತೇಕ ನಿಷ್ಕ್ರಿಯ. 4ರಿಂದ 6ರ ನಡುವೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೂ ಮೇಲೆ ಹೋದಂತೆ ಲೋಹಗಳು ತಾವಾಗೇ ಗಸಿಯಾಗಿ ಕೂರಲು ಶುರು ಮಾಡುತ್ತವೆ. ಆಗ ತೆಗೆದದ್ದು ಕಳೆಯೋ ಪಿಎಚ್ಚೋ ಗೊತ್ತಾಗುವುದಿಲ್ಲ.

ಕಾರ್ಖಾನೆಯ ನೀರು ಫ್ಲಾಸ್ಕಿನ ನೀರಿನಂತೆ ಇರುವುದೂ ಇಲ್ಲ. ಎಣ್ಣೆ, ಸೋಪು, ಸಯನೈಡು, ಉಪ್ಪು, ಲೋಹವನ್ನು ಗಟ್ಟಿಯಾಗಿ ಹಿಡಿದುಕೊಂಡು ಬಿಡದ ರಾಸಾಯನಿಕಗಳು ಎಲ್ಲ ಒಟ್ಟಿಗೆ ಬರುತ್ತವೆ. ಬೆಳಗ್ಗೆ ಒಂದು ರೀತಿ, ಟ್ಯಾಂಕು ತೊಳೆಯುವ ದಿನ ಇನ್ನೊಂದು ರೀತಿ. ಒಣ ಕಳೆಪುಡಿಯನ್ನು ಹಾಗೇ ಕಾಲಂಗೆ, ಅಂದರೆ ನೀರು ಹಾಯಿಸುವ ಉದ್ದನೆಯ ಕೊಳವೆಗೆ, ತುಂಬಿದರೆ ಅದು ನೆಂದು ಊದಿಕೊಂಡು ನೀರು ಇಳಿಯುವುದೇ ನಿಲ್ಲುತ್ತದೆ, ಇಲ್ಲವೇ ಆಲ್ಜಿನೇಟ್ ಸ್ವಲ್ಪ ಸ್ವಲ್ಪ ಕರಗಿ ಕಂದು ಬಣ್ಣದ ನೀರು ಬರುತ್ತದೆ. ಅದಕ್ಕೇ ಮೊದಲು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ನೆನೆಸಿ ಗಟ್ಟಿ ಮಾಡಿಕೊಳ್ಳಬೇಕು. ಕೆಲವರು ಫಾರ್ಮಾಲ್ಡಿಹೈಡ್ ಬಳಸಿ ಗಟ್ಟಿ ಮಾಡಿದ್ದಾರೆ. ಒಂದು ವಿಷ ತೆಗೆಯಲು ಇನ್ನೊಂದು ವಿಷ ತರುವ ಆ ದಾರಿ ನನಗೆ ಸರಿ ಕಾಣುವುದಿಲ್ಲ.

ಅಂಗಡಿ ತೆರೆದವರು, ಮುಚ್ಚಿದವರು

ಇದನ್ನು ವ್ಯಾಪಾರ ಮಾಡಲು ಯಾರೂ ಪ್ರಯತ್ನಿಸಿಲ್ಲ ಅಂತಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದ ಒಂದು ಕಂಪನಿ ಆಲ್ಗಾಸಾರ್ಬ್ ಅನ್ನುವ ಹೆಸರಲ್ಲಿ ಕ್ಲೋರೆಲ್ಲಾ ಪಾಚಿಯನ್ನು ಸಿಲಿಕಾ ಜೆಲ್ಲಿನಲ್ಲಿ ಹಿಡಿದಿಟ್ಟು ಮಾರಲು ಹೊರಟಿತ್ತು. ಅಲ್ಲಿನ ಗಣಿ ಇಲಾಖೆ ಬಯೋಫಿಕ್ಸ್ ಎಂಬ ಮಣಿಗಳನ್ನು ಮಾಡಿತ್ತು. ಪಾಚಿ, ಜವುಗಿನಲ್ಲಿ ಬೆಳೆಯುವ ಪೀಟ್ ಮಾಸ್ ಇತ್ಯಾದಿಗಳನ್ನು ಪ್ಲಾಸ್ಟಿಕ್ಕಿನೊಳಗೆ ಸೇರಿಸಿ ಮಾಡಿದ ಮಣಿಗಳು ಅವು. ಗಣಿಯಿಂದ ಹರಿಯುವ ಆಮ್ಲೀಯ ನೀರಿನ ಮೇಲೆ ಅದರ ಪರೀಕ್ಷೆಯೂ ನಡೆಯಿತು. ವೊಲೆಸ್ಕಿ ಅವರೂ ಮಾಂಟ್ರಿಯಲ್‌ನಲ್ಲಿ ಒಂದು ಕಂಪನಿ ಕಟ್ಟಿದರು. ಇವ್ಯಾವುವೂ ಮಾರುಕಟ್ಟೆಯಲ್ಲಿ ನೆಲೆ ನಿಲ್ಲಲಿಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಎದುರಿಗೆ ಇದ್ದ ಸ್ಪರ್ಧಿ ಸುಣ್ಣ. ನಮ್ಮ ಅಡಿಕೆ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಮಳೆಗಾಲ ಶುರುವಾಗುತ್ತಿದ್ದಂತೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತದ ನೀಲಿ ನೀರಿಗೆ ಸುಣ್ಣದ ತಿಳಿ ಸೇರಿಸುತ್ತಾರೆ. ಕೂಡಲೇ ಆ ಸ್ವಚ್ಛ ನೀಲಿ ಹೋಗಿ ಗಟ್ಟಿ ಮೊಸರಿನಂಥ ತಿಳಿನೀಲಿ ಕಣಗಳಾಗುತ್ತವೆ. ಕರಗಿದ್ದ ತಾಮ್ರ ಕರಗದ ರೂಪಕ್ಕೆ ಬಂತು. ಹಾಗೇ ಬಿಟ್ಟರೆ ತಳಕ್ಕೆ ಇಳಿಯುತ್ತದೆ. ಕಾರ್ಖಾನೆಗಳ ಶುದ್ಧೀಕರಣ ಘಟಕದಲ್ಲಿ ನಡೆಯುವುದೂ ಇದೇ: ಸುಣ್ಣ ಹಾಕು, ಪಿಎಚ್ ಏರಿಸು, ಲೋಹ ಗಸಿಯಾಗಿ ಕೂರಲಿ, ಮೇಲಿನ ನೀರು ಬಿಡು. ಸುಣ್ಣ ಎಲ್ಲ ಊರಲ್ಲೂ ಸಿಗುತ್ತದೆ, ಅಗ್ಗ, ಕೂಲಿಯವರಿಗೂ ಗೊತ್ತು. ಸೂಕ್ಷ್ಮವಾಗಿ ತೆಗೆಯಬೇಕೆಂದರೆ ರೆಸಿನ್ ಇದೆ. ಪ್ರತಿ ಚೀಲವೂ ಒಂದೇ ಥರ, ಕಂಪನಿ ಗ್ಯಾರಂಟಿ ಕೊಡುತ್ತದೆ. ಕಡಲಕಳೆ ಮಳೆಗಾಲದ್ದು ಬೇರೆ, ಬೇಸಿಗೆಯದು ಬೇರೆ. ಒಂದು ದಡದ್ದು ಇನ್ನೊಂದು ದಡದ ಹಾಗಿರುವುದಿಲ್ಲ. ದಂಡದ ನೋಟಿಸು ಬರುವ ಭಯ ಇರುವ ಕಾರ್ಖಾನೆಯವನು ಯಾವುದನ್ನು ಆರಿಸುತ್ತಾನೆ ಹೇಳಿ.

ಹಾಗಂತ ಸುಣ್ಣದ್ದೂ ಪೂರ್ತಿ ಗೆಲುವಲ್ಲ. ಸುಣ್ಣದಿಂದ ಲೋಹ ಒಂದು ಹಂತದವರೆಗೆ ಇಳಿಯುತ್ತದೆ, ಆಮೇಲೆ ನಿಲ್ಲುತ್ತದೆ. ಒಂದೊಂದು ಲೋಹಕ್ಕೆ ಒಂದೊಂದು ಪಿಎಚ್ ಬೇಕು, ಎಲ್ಲಕ್ಕೂ ಹೊಂದುವ ಒಂದೇ ಪಿಎಚ್ ಇಲ್ಲ. ಗಸಿ ರಾಶಿ ರಾಶಿ ಬರುತ್ತದೆ. ಉಳಿದ ಆ ಕೊನೆಯ ಸ್ವಲ್ಪ ಲೋಹವೇ ಮೋರಿ, ಕೆರೆ, ಹೊಲದ ಮೂಲಕ ನಮ್ಮ ತಟ್ಟೆಗೆ ಬರುವುದು. ಕಳೆಗೆ ಅವಕಾಶ ಇರುವುದು ಇಲ್ಲಿ, ಸುಣ್ಣ ಕೆಲಸ ಮುಗಿಸಿದ ಮೇಲೆ, ಕೊನೆಯ ಸೋಸಿನಲ್ಲಿ. ಸುಣ್ಣದ ಜಾಗಕ್ಕೆ ಕಳೆ ತರುತ್ತೇವೆ ಅನ್ನುವವರನ್ನು ನಂಬಬೇಡಿ. ಸುಣ್ಣದ ಹಿಂದೆ ಕಳೆ ಇಡುತ್ತೇವೆ ಅನ್ನುವವರ ಮಾತು ಕೇಳಿಸಿಕೊಳ್ಳಿ.

ನಮ್ಮಲ್ಲಿ ಎಲ್ಲಿ ಹೊಂದುತ್ತದೆ?

ಕರ್ನಾಟಕದಲ್ಲಿ ಭಾರಲೋಹ ಅಂದ ಕೂಡಲೇ ನೆನಪಾಗುವುದು ಬೆಂಗಳೂರಿನ ಪೀಣ್ಯ. ಅಲ್ಲಿ ಸಣ್ಣ ಸಣ್ಣ ಶೆಡ್ಡುಗಳಲ್ಲಿ ಎಲೆಕ್ಟ್ರೋಪ್ಲೇಟಿಂಗ್ ನಡೆಯುತ್ತದೆ. ಕ್ರೋಮ್, ನಿಕಲ್, ಸತುವಿನ ಲೇಪ ಹಾಕುವುದೇ ಹೆಚ್ಚು. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುವುದು ವರ್ಷಗಳ ಹಿಂದೆಯೇ ದಾಖಲಾಗಿದೆ. ಮೇಲೆ ಹೇಳಿದ ಪಟ್ಟಿಯನ್ನು ಈಗ ಪೀಣ್ಯಕ್ಕೆ ಹಚ್ಚಿ ನೋಡಿ. ನಿಕಲ್, ಸತು ಕ್ಯಾಲ್ಸಿಯಂನ ಹಿಂದೆ. ಕ್ರೋಮಿಯಂ ಋಣ ಅಯಾನು. ಅಂದರೆ ನಮಗೆ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುತ್ತಿರುವ ಮೂರು ಲೋಹಗಳೂ ಕಳೆಗೆ ಒಗ್ಗದವು.

ಕ್ರೋಮಿಯಂ ವಿಷಯದಲ್ಲಿ ಒಂದು ವಿನಾಯಿತಿ ಇದೆ. ದಕ್ಷಿಣ ಕೊರಿಯಾದ ಪೋಹಾಂಗ್‌ನ ಸಂಶೋಧಕರು ಎಕ್ಲೋನಿಯಾ ಕಳೆಯ ಮೇಲೆ 2000ರ ನಂತರ ಮಾಡಿದ ಕೆಲಸದಲ್ಲಿ, ತುಂಬಾ ಆಮ್ಲೀಯ ನೀರಿನಲ್ಲಿ ಕಳೆ ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಎಲೆಕ್ಟ್ರಾನ್ ಕೊಟ್ಟು ಅದನ್ನು ಕಡಿಮೆ ಅಪಾಯದ ಟ್ರೈವೇಲೆಂಟ್ ಕ್ರೋಮಿಯಂ ಆಗಿ ಬದಲಿಸುತ್ತದೆ ಅಂತ ತೋರಿಸಿದರು. ಅದಕ್ಕೂ ಮೊದಲು ಇದು ಬರೀ ಅಂಟಿಕೊಳ್ಳುವಿಕೆ ಅಂತ ಎಷ್ಟೋ ಪ್ರಬಂಧಗಳು ತಪ್ಪಾಗಿ ಹೇಳಿದ್ದವು. ರಸಾಯನಶಾಸ್ತ್ರವಾಗಿ ಇದು ಸೊಗಸಾದ ಕೆಲಸ. ಆದರೆ ಪ್ಲೇಟಿಂಗ್ ಶೆಡ್ಡಿನಲ್ಲಿ ಇದೇ ಕೆಲಸವನ್ನು ಸೋಡಿಯಂ ಮೆಟಾಬೈಸಲ್ಫೈಟ್ ನಿಮಿಷಗಳಲ್ಲಿ ಮಾಡುತ್ತದೆ, ಆಮೇಲೆ ಸುಣ್ಣ ಹಾಕಿದರೆ ಕ್ರೋಮಿಯಂ ಗಸಿಯಾಗಿ ಕೂರುತ್ತದೆ. ಪೀಣ್ಯದ ಕಾಯಿಲೆ ತಂತ್ರಜ್ಞಾನ ಇಲ್ಲದ್ದರಿಂದ ಬಂದದ್ದಲ್ಲ. ಗೊತ್ತಿರುವುದನ್ನು ಮಾಡದೆ ನೀರನ್ನು ಮೋರಿಗೋ ಹಳೇ ಬೋರ್‌ವೆಲ್ಲಿಗೋ ಬಿಡುವುದರಿಂದ ಬಂದದ್ದು. ಅಲ್ಲಿ ಕಡಲಕಳೆಯ ಮಾತಾಡಿದರೆ ಆ ತಪ್ಪನ್ನು ಮುಚ್ಚಿದ ಹಾಗಾಗುತ್ತದೆ.

ಹಾಗಾದರೆ ಎಲ್ಲಿ? ಸೀಸ ಇರುವ ಕಡೆ.

ಜಗತ್ತಿನಲ್ಲಿ ಬಳಕೆಯಾಗುವ ಸೀಸದ ಬಹುಪಾಲು ಹೋಗುವುದು ಬ್ಯಾಟರಿಗೆ. ಯುಪಿಎಸ್, ಆಟೋ, ಕಾರು, ಲಾರಿ, ಸೋಲಾರ್ ದೀಪ, ಎಷ್ಟೋ ಕಡೆ ಸೀಸದ ಬ್ಯಾಟರಿಯೇ ಇದೆ. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಕಡೆ ನೆಲ, ಗಾಳಿ, ನೀರು ಮೂರೂ ಕೆಡುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ದಶಕಗಳ ಕಾಲ ಸೀಸದ ವಿಷದ ಬಗ್ಗೆ ಎಚ್ಚರಿಸುತ್ತಾ ಬಂದವರು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು. ಬ್ಯಾಟರಿಯಿಂದ ಹೋಗಿಲ್ಲ, ಸದ್ಯಕ್ಕೆ ಹೋಗುವುದೂ ಇಲ್ಲ. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಮತ್ತೆ ಸರಿಹೋಗುವುದಿಲ್ಲ. ಇಷ್ಟು ಪ್ರಮಾಣದವರೆಗೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟ ಅದಕ್ಕೆ ಇಲ್ಲ. ಆದ್ದರಿಂದ ಸೀಸದಲ್ಲಿ ಕೊನೆಯ ಸ್ವಲ್ಪವನ್ನೂ ತೆಗೆಯುವುದಕ್ಕೆ ಅರ್ಥವಿದೆ.

ಬ್ಯಾಟರಿ ಒಡೆಯುವ ಕಡೆಯ ನೀರು ಗಂಧಕಾಮ್ಲದ ನೀರು. ಅದನ್ನು ನೇರವಾಗಿ ಕಳೆಯ ಮೇಲೆ ಬಿಟ್ಟರೆ ಏನೂ ಆಗುವುದಿಲ್ಲ, ಪಿಎಚ್ ಅಷ್ಟು ಕೆಳಗಿರುತ್ತದೆ. ಮೊದಲು ಸುಣ್ಣ ಹಾಕಿ ಗಸಿ ಇಳಿಸಬೇಕು. ಆಮೇಲೆ ಪಿಎಚ್ಚನ್ನು ಮತ್ತೆ 5, 6ರ ಹತ್ತಿರ ತಂದು ಕಳೆಯ ಕಾಲಂಗೆ ಬಿಡಬೇಕು. ಸುಣ್ಣ ಹಾಕಿದ ನೀರಿನಲ್ಲಿ ಕ್ಯಾಲ್ಸಿಯಂ ತುಂಬಿರುತ್ತದೆ ನಿಜ. ಆದರೆ ಹೌಗ್ ಅವರ ಪಟ್ಟಿಯಲ್ಲಿ ಸೀಸ ಕ್ಯಾಲ್ಸಿಯಂಗಿಂತ ಬಹಳ ಮೇಲಿದೆ. ಸುಣ್ಣದ ನಂತರವೂ ಕಳೆ ಸೀಸವನ್ನು ಆರಿಸಿಕೊಳ್ಳಬಲ್ಲದು ಅನ್ನುವುದೇ ಇದರ ನಿಜವಾದ ಗುಣ. ಮಾಮೂಲಿ ಸಾಫ್ಟ್‌ನರ್ ರೆಸಿನ್ ಅಂಥ ಗಡಸು ನೀರಿನಲ್ಲಿ ಕ್ಯಾಲ್ಸಿಯಂನಿಂದಲೇ ಬೇಗ ತುಂಬಿಹೋಗುತ್ತದೆ. ಸೀಸವನ್ನೇ ಆರಿಸುವ ವಿಶೇಷ ರೆಸಿನ್‌ಗಳಿವೆ, ಅವು ದುಬಾರಿ.

ಎಷ್ಟು ಕಳೆ ಬೇಕು? ಒಂದು ಅಂದಾಜು ಹಾಕೋಣ. ದಿನಕ್ಕೆ 10,000 ಲೀಟರ್ ನೀರು, ಸುಣ್ಣದ ನಂತರ ಲೀಟರಿಗೆ 2 ಮಿಲಿಗ್ರಾಂ ಸೀಸ ಉಳಿದಿದೆ ಅಂದುಕೊಳ್ಳಿ. ದಿನಕ್ಕೆ 20 ಗ್ರಾಂ ಸೀಸ. ಕಳೆ ತನ್ನ ಗರಿಷ್ಠ ಸಾಮರ್ಥ್ಯದ ಹತ್ತನೇ ಒಂದು ಭಾಗ ಮಾತ್ರ ಕೆಲಸ ಮಾಡಿತು ಅಂದರೂ ಒಂದು ಕೆಜಿ ಒಣಕಳೆ 20 ಗ್ರಾಂ ಹಿಡಿಯುತ್ತದೆ. ದಿನಕ್ಕೆ ಒಂದು ಕೆಜಿ. ವರ್ಷದಲ್ಲಿ 300 ದಿನ ಕೆಲಸ ನಡೆದರೆ 300 ಕೆಜಿ. ಹಸಿಕಳೆಯ ಲೆಕ್ಕದಲ್ಲಿ ಸುಮಾರು ಎರಡು ಟನ್. ಆಮ್ಲದಲ್ಲಿ ತೊಳೆದು ಮತ್ತೆ ಮತ್ತೆ ಬಳಸಿದರೆ ಇನ್ನೂ ಕಡಿಮೆ. ಜಗತ್ತಿನಲ್ಲಿ ವರ್ಷಕ್ಕೆ 3.5 ಕೋಟಿ ಟನ್ನಿಗೂ ಹೆಚ್ಚು ಹಸಿ ಕಡಲಕಳೆ ಉತ್ಪಾದನೆಯಾಗುತ್ತದೆ. ಹಾಗಾಗಿ ಕಳೆಗೆ ಬರ ಬರುತ್ತದೆ ಅನ್ನುವ ಭಯ ಬೇಡ.

ಕಳೆ ಎಲ್ಲಿಂದ, ಯಾರ ಕೈಯಿಂದ?

ಕರಾವಳಿ ಕರ್ನಾಟಕದಲ್ಲೂ ಬಂಡೆಗಳಿರುವ ಕಡೆ ಸರ್ಗಾಸಂ ಬೆಳೆಯುತ್ತದೆ. ಆದರೆ ಮುಂಗಾರಿನ ಅಬ್ಬರದ ಕಡಲಿನಲ್ಲಿ ಅದನ್ನು ನೆಚ್ಚಿಕೊಂಡು ಉದ್ಯಮ ಕಟ್ಟುವಷ್ಟಿಲ್ಲ. ಭಾರತದಲ್ಲಿ ಕಡಲಕಳೆ ಅಂದರೆ ಮುಖ್ಯವಾಗಿ ತಮಿಳುನಾಡಿನ ರಾಮನಾಥಪುರದ ಮಂಡಪಂ ಸೀಮೆ, ಮನ್ನಾರ್ ಕೊಲ್ಲಿ. ಅಲ್ಲಿ ತಲೆಮಾರುಗಳಿಂದ ಹೆಂಗಸರು ನೀರಿಗಿಳಿದು ಬಂಡೆಗೆ ಅಂಟಿದ ಕಳೆ ಕಿತ್ತು ತರುತ್ತಾರೆ. ಬೆರಳುಗಳಿಗೆ ಬಟ್ಟೆಯ ಚೂರು ಸುತ್ತಿಕೊಂಡು, ಕಣ್ಣಿಗೆ ಕನ್ನಡಕ ಕಟ್ಟಿಕೊಂಡು, ಉಸಿರು ಬಿಗಿಹಿಡಿದು ಮುಳುಗುತ್ತಾರೆ. ಬಂಡೆಯ ಚೂಪಿಗೆ ಕೈ ಕಾಲು ತರಚುತ್ತದೆ. ಅವರು ತರುವ ಸರ್ಗಾಸಂ ಆಲ್ಜಿನೇಟ್ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. 1986ರಲ್ಲಿ ಮನ್ನಾರ್ ಕೊಲ್ಲಿಯ ದ್ವೀಪಗಳು ಸಾಗರ ರಾಷ್ಟ್ರೀಯ ಉದ್ಯಾನವಾದ ಮೇಲೆ ಅವರ ದುಡಿಮೆಗೂ ಅರಣ್ಯ ಇಲಾಖೆಯ ನಿಯಮಕ್ಕೂ ತಿಕ್ಕಾಟ ಇದ್ದೇ ಇದೆ.

ಕೇಂದ್ರ ಸರಕಾರ ಮತ್ಸ್ಯ ಸಂಪದ ಯೋಜನೆಯಡಿ ಕಡಲಕಳೆ ಕೃಷಿಗೆ ಹಣ ಕೊಟ್ಟಿದೆ, ರಾಮನಾಥಪುರಕ್ಕೆ ಕಡಲಕಳೆ ಪಾರ್ಕನ್ನೂ ಮಂಜೂರು ಮಾಡಿದೆ. ಆದರೆ ಅಲ್ಲಿ ತೆಪ್ಪದ ಮೇಲೆ ಬೆಳೆಸುವುದು ಹೆಚ್ಚಾಗಿ ಕಪ್ಪಾಫೈಕಸ್ ಅನ್ನುವ ಕೆಂಪು ಕಳೆ. ಅದರಿಂದ ಬರುವುದು ಕ್ಯಾರಜೀನನ್ ಅನ್ನುವ ಬೇರೆ ಅಂಟು ಮತ್ತು ಗೊಬ್ಬರದ ರಸ. ಲೋಹ ಹಿಡಿಯಲು ಬೇಕಾದ ಆಲ್ಜಿನೇಟ್ ಅದರಲ್ಲಿ ಇಲ್ಲ. ಹಾಗಾಗಿ ಕಳೆ ಕೃಷಿ ಬೆಳೆದರೆ ನೀರಿನ ಶುದ್ಧೀಕರಣವೂ ಬೆಳೆಯುತ್ತದೆ ಅನ್ನುವ ಲೆಕ್ಕ ಸರಿಯಲ್ಲ. ನನಗೆ ಹೆಚ್ಚು ಆಸೆ ಹುಟ್ಟಿಸುವುದು ಬೇರೆ ದಾರಿ. ಕಾರ್ಖಾನೆಯಲ್ಲಿ ಆಲ್ಜಿನೇಟ್ ತೆಗೆದ ಮೇಲೆ ಉಳಿಯುವ ಹಿಪ್ಪೆಯೂ ಕ್ಯಾಡ್ಮಿಯಂನಂಥ ಲೋಹ ಹಿಡಿಯುತ್ತದೆ ಅಂತ ಬ್ರಿಟನ್ನಿನಲ್ಲಿ 2001ರ ಸುಮಾರಿಗೇ ತೋರಿಸಿದ್ದಾರೆ. ಸಾಮರ್ಥ್ಯ ಕಡಿಮೆ ಇರಬಹುದು. ಆದರೆ ಅದಕ್ಕಾಗಿ ಯಾರೂ ಹೊಸದಾಗಿ ಮುಳುಗಬೇಕಿಲ್ಲ, ಯಾವ ಬಂಡೆಯೂ ಬೋಳಾಗಬೇಕಿಲ್ಲ.

ಅಟ್ಲಾಂಟಿಕ್ ಸಾಗರದಲ್ಲಿ ಇನ್ನೊಂದು ಕಥೆ ನಡೆಯುತ್ತಿದೆ. 2011ರಿಂದ ಅಲ್ಲಿ ತೇಲುವ ಸರ್ಗಾಸಂ ಬೇಕಾಬಿಟ್ಟಿ ಬೆಳೆಯುತ್ತಿದೆ. 2018ರಲ್ಲಿ ಆಫ್ರಿಕಾದ ಪಶ್ಚಿಮ ದಡದಿಂದ ಮೆಕ್ಸಿಕೊ ಕೊಲ್ಲಿಯವರೆಗೆ 8,850 ಕಿಲೋಮೀಟರ್ ಉದ್ದದ ಪಟ್ಟಿಯೇ ಕಂಡಿತು, ತೂಕ 2 ಕೋಟಿ ಟನ್ನಿಗೂ ಹೆಚ್ಚು. 2025ರ ಮೇ ತಿಂಗಳಲ್ಲಿ ಅದನ್ನೂ ಮೀರಿ ಸುಮಾರು 3.75 ಕೋಟಿ ಟನ್ ಆಯಿತು. ಕೆರಿಬಿಯನ್ ಮತ್ತು ಮೆಕ್ಸಿಕೊದ ಕಡಲತೀರಗಳಲ್ಲಿ ರಾಶಿ ಬಿದ್ದು ಕೊಳೆಯುತ್ತದೆ. ಪುಕ್ಕಟೆ ಸಿಗುವ ಇದನ್ನೇ ಬಳಸಬಾರದೇ? ಬಳಸಬಹುದು, ಆದರೆ ಹುಷಾರಾಗಿ. ಜೀವಂತ ಸರ್ಗಾಸಂ ಸಮುದ್ರದಲ್ಲಿ ಫಾಸ್ಫೇಟ್ ಹುಡುಕುವಾಗ ಅದರಂತೆಯೇ ಕಾಣುವ ಆರ್ಸೆನಿಕ್ಕನ್ನೂ ಒಳಗೆ ಎಳೆದುಕೊಳ್ಳುತ್ತದೆ. ದಡಕ್ಕೆ ಬಂದ ಕಳೆಯಲ್ಲಿ ಆರ್ಸೆನಿಕ್ ಜಾಸ್ತಿ ಇರುತ್ತದೆ. ಚೆನ್ನಾಗಿ ತೊಳೆಯದೆ ಬಳಸಿದರೆ ಸೀಸ ತೆಗೆಯಲು ಹೋಗಿ ಆರ್ಸೆನಿಕ್ ಸೇರಿಸಿದ ಹಾಗಾಗುತ್ತದೆ. ಇದೇ ಕಾರಣಕ್ಕೆ ಒಂದು ಮಾತು ಒತ್ತಿ ಹೇಳುತ್ತೇನೆ. ಆನ್‌ಲೈನಿನಲ್ಲಿ ಕಡಲಕಳೆ ಪುಡಿ ಸಿಗುತ್ತದೆ ಅಂತ ತಂದು ಸುಮ್ನೆ ಮನೆಯ ಕುಡಿಯುವ ನೀರಿಗೆ ಹಾಕಿ ನೋಡಬೇಡಿ. ಇದು ಮನೆಯಲ್ಲಿ ಮಾಡುವ ಪ್ರಯೋಗವಲ್ಲ.

ಹಿಡಿದ ಲೋಹ ಎಲ್ಲಿಗೆ ಹೋಗುತ್ತದೆ?

ಸೀಸ ನಾಶವಾಗುವ ವಸ್ತುವಲ್ಲ. ನೀರಿನಿಂದ ಕಳೆಗೆ ಬಂತು, ಅಷ್ಟೇ. ತುಂಬಿದ ಕಳೆಯನ್ನು ಸಾರಗುಂದಿಸಿದ ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆದರೆ ಸೀಸ ಬಿಟ್ಟುಕೊಡುತ್ತದೆ. 10,000 ಲೀಟರಿನಲ್ಲಿ ಚದುರಿದ್ದ ಸೀಸ ಕೆಲವು ಲೀಟರಿಗೆ ಬರುತ್ತದೆ. ಅದರಿಂದ ಲೋಹವನ್ನು ವಾಪಸ್ ಪಡೆಯಬಹುದು. ಕಳೆಯನ್ನು ಕ್ಯಾಲ್ಸಿಯಂ ದ್ರಾವಣದಲ್ಲಿ ನೆನೆಸಿ ಮತ್ತೆ ಬಳಸಬಹುದು. ಪ್ರತಿ ಸಲವೂ ಸ್ವಲ್ಪ ಆಲ್ಜಿನೇಟ್ ಕಳೆದುಹೋಗುತ್ತದೆ, ಕೆಲವು ಸುತ್ತುಗಳ ನಂತರ ಕಳೆ ಸವೆಯುತ್ತದೆ. ಆ ಸವೆದ ಕಳೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿ ಬರುತ್ತದೆ. ಅದನ್ನು ದಾಬಸ್‌ಪೇಟೆಯಲ್ಲಿರುವಂಥ ಅಪಾಯಕಾರಿ ತ್ಯಾಜ್ಯದ ಕೇಂದ್ರಕ್ಕೇ ಕಳಿಸಬೇಕು.

ನಿಯಮದ ಪುಸ್ತಕದಲ್ಲಿ ಹೀಗೆ. ಸಣ್ಣ ಶೆಡ್ಡಿನಲ್ಲಿ ಏನಾಗಬಹುದು ಅನ್ನುವುದನ್ನೂ ಯೋಚಿಸಿ. ಅದು ಸೊಪ್ಪಿನಂತೆ ಕಾಣುತ್ತದೆ. ಗೊಬ್ಬರದಂತೆ ಕಾಣುತ್ತದೆ. ಒಣಗಿದರೆ ಉರಿಯುತ್ತದೆ. ಸುಣ್ಣದ ಗಸಿ ನೋಡಿದರೆ ಯಾರಿಗಾದರೂ ಇದು ಕಸ ಅಂತ ಗೊತ್ತಾಗುತ್ತದೆ. ಕಳೆಯನ್ನು ಯಾರಾದರೂ ತಿಪ್ಪೆಗೆ ಸೇರಿಸಬಹುದು, ಒಲೆಗೆ ಹಾಕಬಹುದು. ಉರಿಸಿದರೆ ಹಿಡಿದಿದ್ದ ಸೀಸ ಹೊಗೆ ಬೂದಿಯ ಜತೆ ಮತ್ತೆ ಊರಿಗೇ ಬರುತ್ತದೆ. ಈ ಒಂದು ಅಪಾಯವನ್ನು ನಾನು ಉಳಿದೆಲ್ಲಕ್ಕಿಂತ ದೊಡ್ಡದು ಅಂದುಕೊಳ್ಳುತ್ತೇನೆ. ಈ ವಿಷಯದ ಪ್ರಬಂಧಗಳಲ್ಲಿ ಇದಕ್ಕೆ ಕೊನೆಯಲ್ಲಿ ಒಂದೆರಡು ಸಾಲು ಸಿಕ್ಕರೆ ಹೆಚ್ಚು.

ಆದ್ದರಿಂದ ಕಳೆಯನ್ನು ಸಣ್ಣ ಘಟಕಗಳ ಕೈಗೆ ಬಿಡಿಯಾಗಿ ಕೊಡಲೇಬಾರದು. ಮುಚ್ಚಿದ ಕಾಲಂನಲ್ಲಿ ತುಂಬಿ, ನಂಬರು ಹಾಕಿ ಕೊಡಬೇಕು. ತುಂಬಿದ ಕಾಲಂ ವಾಪಸ್ ಕೊಟ್ಟರೆ ಮಾತ್ರ ಹೊಸದು. ಆಮ್ಲದಲ್ಲಿ ತೊಳೆಯುವುದು, ಸೀಸ ತೆಗೆಯುವುದು, ಸವೆದ ಕಳೆ ವಿಲೇವಾರಿ ಮಾಡುವುದು ಎಲ್ಲ ಒಂದೇ ಜಾಗದಲ್ಲಿ, ಪರವಾನಗಿ ಇರುವ ಸೀಸದ ಘಟಕದಲ್ಲೇ ನಡೆಯಬೇಕು. ಅಲ್ಲಿ ಸಿಕ್ಕ ಸೀಸಕ್ಕೆ ಬೆಲೆಯೂ ಇದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೇ ಬ್ಯಾಟರಿ ವಾಪಸ್ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಬ್ಯಾಟರಿ ಒಡೆದ ನೀರಿನ ಕೊನೆಯ ಸೋಸಿನ ಖರ್ಚನ್ನೂ ಅದೇ ಲೆಕ್ಕಕ್ಕೆ ಸೇರಿಸುವುದರಲ್ಲಿ ನ್ಯಾಯವಿದೆ.

ಮೊದಲ ಹೆಜ್ಜೆ ದುಬಾರಿಯೇನಲ್ಲ. ಪರವಾನಗಿ ಇರುವ ಒಂದು ಸೀಸದ ಘಟಕದಲ್ಲಿ, ಸುಣ್ಣದ ಟ್ಯಾಂಕಿನ ಹಿಂದೆ, ಒಂದು ಕಳೆಯ ಕಾಲಂ ಇಟ್ಟು ಮಳೆಗಾಲವೂ ಬೇಸಿಗೆಯೂ ಸೇರಿ ಒಂದು ಇಡೀ ವರ್ಷ ನಡೆಸಬೇಕು. ಪಕ್ಕದಲ್ಲೇ ಸೀಸ ಆರಿಸುವ ರೆಸಿನ್ನಿನ ಕಾಲಂ ಇಟ್ಟು ಅದೇ ನೀರು ಹರಿಸಬೇಕು. ಹೊರಬರುವ ನೀರಿನಲ್ಲಿ ಸೀಸ ಎಷ್ಟು, ಆರ್ಸೆನಿಕ್ ಎಷ್ಟು, ಕಳೆ ಎಷ್ಟು ಸುತ್ತು ಬಾಳಿತು, ಸವೆದದ್ದು ಯಾವ ಲಾರಿಯಲ್ಲಿ ಎಲ್ಲಿಗೆ ಹೋಯಿತು ಅನ್ನುವುದನ್ನು ವಾರವಾರವೂ ಬರೆದು, ಯಾರು ಬೇಕಾದರೂ ನೋಡುವಂತೆ ಇಡಬೇಕು. ಫ್ಲಾಸ್ಕಿನಲ್ಲಿ ಪುಡಿ ಅಲ್ಲಾಡಿಸಿ ಬರೆಯುವ ಮುಂದಿನ ಪ್ರಬಂಧಕ್ಕೆ ಹಣ ಕೊಡುವ ಮುಂಚೆ ಸರಕಾರ ಈ ಒಂದು ಕಾಲಂಗೆ ಹಣ ಕೊಡಲಿ.